ಹಳೇ ಸ್ವಿಫ್ಟ್ ತಗೊಂಡು ಟಿಎಸ್‌ಡಿ ರ‍್ಯಾಲಿಗೆ ಹೋಗೋದು ಹೇಗೆ? ಕಾರು ರೆಡಿ ಮಾಡೋದರಿಂದ ಲೆಕ್ಕ ಹಾಕೋವರೆಗೆ ಪೂರ್ತಿ ಮಾಹಿತಿ

ಚಿಕ್ಕಮಗಳೂರು: ರ‍್ಯಾಲಿ ಅಂದ ತಕ್ಷಣ ನಮ್ಮ ಜಿಲ್ಲೆಯವರ ಕಣ್ಣ ಮುಂದೆ ಬರೋದು ಕಾಫಿ ತೋಟದ ಮಣ್ಣು ರಸ್ತೆಯಲ್ಲಿ ಧೂಳೆಬ್ಬಿಸಿಕೊಂಡು ಹೋಗುವ ಕಾರುಗಳು. ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಷಿಪ್‌ನ ಸುತ್ತುಗಳು ಇಲ್ಲಿನ ತೋಟಗಳಲ್ಲಿ ನಡೆದಿವೆ, ಹಾಗಾಗಿ ಆ ನೆನಪು ಸಹಜ. ಆದರೆ ರ‍್ಯಾಲಿಯಲ್ಲಿ ಇನ್ನೊಂದು ಬಗೆ ಇದೆ. ಅದರಲ್ಲಿ ಜೋರಾಗಿ ಓಡಿಸಿದವರು ಸೋಲ್ತಾರೆ, ಲೆಕ್ಕ ಸರಿಯಾಗಿ ಇಟ್ಟವರು ಗೆಲ್ತಾರೆ. ಮನೆ ಮುಂದೆ ನಿಂತಿರೋ ಹಳೇ ಕಾರಲ್ಲೇ ಭಾಗವಹಿಸಬಹುದಾದ ಈ ಬಗೆಗೆ ಟಿಎಸ್‌ಡಿ ಅಂತಾರೆ. ಟೈಮ್, ಸ್ಪೀಡ್, ಡಿಸ್ಟೆನ್ಸ್, ಅಂದ್ರೆ ಸಮಯ, ವೇಗ, ದೂರ.

ಈ ವ್ಯತ್ಯಾಸ ಗೊತ್ತಿಲ್ಲದೆ ಹುಡುಗರು ಮೊದಲು ಮಾಡೋ ತಪ್ಪು ಅಂದ್ರೆ ಹಳೇ ಕಾರು ತಗೊಂಡು ಸೈಲೆನ್ಸರ್ ಬದಲಿಸೋದು, ಸ್ಪ್ರಿಂಗ್ ಕತ್ತರಿಸಿ ಕಾರು ತಗ್ಗಿಸೋದು. ದುಡ್ಡು ಅಲ್ಲಿಗೇ ಖಾಲಿ. ಬ್ರೇಕ್, ಟೈರ್, ರೇಡಿಯೇಟರ್ ಮಾತ್ರ ಹಾಗೇ ಹಳೇದು. ಘಾಟಿ ಇಳಿಯುವಾಗ ಬೇಕಾಗೋದು ಯಾವುದು ಅನ್ನೋದನ್ನು ಬಿಡಿಸಿ ಹೇಳಬೇಕಿಲ್ಲ.

ಟಿಎಸ್‌ಡಿ ಅಂದ್ರೆ ಏನು?

ತೋಟದಲ್ಲಿ ನಡೆಯೋ ಸ್ಪೀಡ್ ರ‍್ಯಾಲಿಗೆ ರಸ್ತೆ ಬಂದ್ ಮಾಡ್ತಾರೆ. ಕಾರಿನೊಳಗೆ ಕಬ್ಬಿಣದ ರೋಲ್ ಕೇಜ್ ಇರುತ್ತೆ, ಹೆಲ್ಮೆಟ್ ಕಡ್ಡಾಯ. ಟಿಎಸ್‌ಡಿ ನಡೆಯೋದು ತೆರೆದ ರಸ್ತೆಯಲ್ಲಿ. ಎದುರಿಗೆ ಬಸ್ಸು ಬರುತ್ತೆ, ದನ ಬರುತ್ತೆ, ಶಾಲೆ ಮಕ್ಕಳೂ ಇರ್ತಾರೆ. ಸಂಚಾರ ನಿಯಮ ಎಲ್ಲವೂ ಅನ್ವಯ.

ಒಂದು ಕಾರಿಗೆ ಇಬ್ಬರು. ಬಲಗಡೆ ಡ್ರೈವರ್, ಎಡಗಡೆ ನ್ಯಾವಿಗೇಟರ್. ಶುರುವಾಗುವ ಹೊತ್ತಿಗೆ ಒಂದು ರೋಡ್‌ಬುಕ್ ಕೈಗೆ ಕೊಡ್ತಾರೆ. ಎಲ್ಲಿ ತಿರುಗಬೇಕು, ಯಾವ ಭಾಗದಲ್ಲಿ ಗಂಟೆಗೆ ಎಷ್ಟು ಕಿ.ಮೀ. ಸರಾಸರಿ ಇಡಬೇಕು ಅನ್ನೋದು ಅದರಲ್ಲಿರುತ್ತೆ. ಕಾರುಗಳನ್ನು ಒಂದಾದ ಮೇಲೆ ಒಂದರಂತೆ, ಸಾಮಾನ್ಯವಾಗಿ ಒಂದೊಂದು ನಿಮಿಷದ ಅಂತರದಲ್ಲಿ ಬಿಡ್ತಾರೆ. ದಾರಿಯಲ್ಲಿ ಎಲ್ಲೋ ತಿರುವಿನ ಹಿಂದೆ ಮಾರ್ಷಲ್‌ಗಳು ಗಡಿಯಾರ ಇಟ್ಟುಕೊಂಡು ಕೂತಿರ್ತಾರೆ. ಎಲ್ಲಿ ಅಂತ ಮೊದಲೇ ಹೇಳೋದಿಲ್ಲ. ನೀವು ಆ ಜಾಗಕ್ಕೆ ಬರಬೇಕಾದ ಸೆಕೆಂಡ್ ಯಾವುದು, ಬಂದದ್ದು ಯಾವಾಗ ಅನ್ನೋ ವ್ಯತ್ಯಾಸವೇ ದಂಡದ ಅಂಕ. ತಡವಾದ್ರೂ ದಂಡ, ಬೇಗ ಬಂದ್ರೂ ದಂಡ. ಬಹಳ ರ‍್ಯಾಲಿಗಳಲ್ಲಿ ಬೇಗ ಬಂದವರಿಗೇ ದಂಡ ಹೆಚ್ಚು. ಕೊನೆಗೆ ಕಡಿಮೆ ಅಂಕ ಇದ್ದವರು ಗೆದ್ದಂತೆ.

ರೋಡ್‌ಬುಕ್‌ನ ಚಿತ್ರಗಳಿಗೆ ಟುಲಿಪ್ ಅಂತಾರೆ. ನೆದರ್ಲೆಂಡ್ಸ್‌ನಲ್ಲಿ 1949ರಲ್ಲಿ ಶುರುವಾದ ಟುಲಿಪ್ ರ‍್ಯಾಲಿಯಿಂದ ಬಂದ ಹೆಸರು ಅದು. ಓದೋದು ಸುಲಭ. ಚಿತ್ರದ ಕೆಳಗಿನ ಚುಕ್ಕೆ ನೀವು ಬರ್ತಿರೋ ದಾರಿ, ಬಾಣದ ತುದಿ ಹೋಗಬೇಕಾದ ದಾರಿ. ಪಕ್ಕದಲ್ಲಿ ಶುರುವಿನಿಂದ ಅಲ್ಲಿಗೆ ಒಟ್ಟು ದೂರ, ಹಿಂದಿನ ಚಿತ್ರದಿಂದ ಅಲ್ಲಿಗೆ ದೂರ ಎರಡೂ ಇರುತ್ತವೆ.

ಕಾಗದ ಪತ್ರ ಮೊದಲು, ಸ್ಪಾನರ್ ಆಮೇಲೆ

ದೇಶದಲ್ಲಿ ಮೋಟಾರ್ ಕ್ರೀಡೆಯನ್ನು ನೋಡಿಕೊಳ್ಳೋದು ಚೆನ್ನೈನಲ್ಲಿ ಕಚೇರಿ ಇರುವ ಎಫ್‌ಎಂಎಸ್‌ಸಿಐ. ಯಾವುದೇ ರ‍್ಯಾಲಿಗೆ ಹೆಸರು ಕೊಡೋ ಮೊದಲು ಅದಕ್ಕೆ ಆ ಸಂಸ್ಥೆಯ ಅನುಮತಿ ಇದೆಯಾ, ಪೊಲೀಸ್ ಒಪ್ಪಿಗೆ ಆಗಿದೆಯಾ ಅಂತ ಕೇಳಿ ತಿಳ್ಕೊಳ್ಳಿ. ನಾಲ್ಕು ಜನ ಸ್ನೇಹಿತರು ಸೇರಿ ರಸ್ತೆಯಲ್ಲಿ ರೇಸ್ ಇಟ್ಟುಕೊಂಡ್ರೆ ಅದು ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ಅಪರಾಧ. ಮೊದಲ ಸಲವೇ 3 ತಿಂಗಳವರೆಗೆ ಜೈಲು ಅಥವಾ 5,000 ರೂ.ವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತೆ. ಆಮೇಲೆ ಆರ್‌ಟಿಒ ಕಚೇರಿಯಲ್ಲಿ ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಹಳೇ ಕಾರು ಕೊಳ್ಳೋರು ಆರ್‌ಸಿಯಲ್ಲಿ ದಿನಾಂಕ ನೋಡದೆ ಅಡ್ವಾನ್ಸ್ ಕೊಡಬೇಡಿ. ಹಸಿರು ತೆರಿಗೆ ಬಾಕಿ ಇದೆಯಾ ಅಂತಲೂ ನೋಡಿ.

ಇನ್ಶೂರೆನ್ಸ್ ವಿಷಯದಲ್ಲಿ ಒಂದು ಸಾಲು ಯಾರೂ ಓದೋದಿಲ್ಲ. ಸಾಮಾನ್ಯ ಕಾರು ಪಾಲಿಸಿಯಲ್ಲಿ ಸಂಘಟಿತ ರೇಸ್, ವೇಗ ಪರೀಕ್ಷೆ, ರಿಲಯಬಿಲಿಟಿ ಟ್ರಯಲ್ ಇಂಥವಕ್ಕೆ ಬಳಸಿದ್ರೆ ರಕ್ಷಣೆ ಇಲ್ಲ ಅಂತ ಬರೆದಿರುತ್ತೆ. ಟಿಎಸ್‌ಡಿ ಅದರೊಳಗೆ ಬರುತ್ತಾ ಇಲ್ವಾ ಅನ್ನೋದನ್ನು ಏಜೆಂಟ್ ಬಾಯಿಮಾತಿನಲ್ಲಿ ಹೇಳಿದ್ರೆ ಸಾಲದು. ಕಂಪನಿಗೆ ಬರೆದು ಕೇಳಿ, ಉತ್ತರ ಬರಹದಲ್ಲೇ ತಗೊಳ್ಳಿ. ಅಪಘಾತ ಆದ ಮೇಲೆ ಈ ಪ್ರಶ್ನೆ ಎದ್ದರೆ ಮನೆ ಮಂದಿಯೆಲ್ಲ ಅನುಭವಿಸಬೇಕಾಗುತ್ತೆ.

ಇನ್ನು ಮಾಡಿಫಿಕೇಶನ್. ಆರ್‌ಸಿಯಲ್ಲಿರುವ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಅಂತ ಕಾಯ್ದೆಯ 52ನೇ ಕಲಂ ಹೇಳುತ್ತೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ ನಂತರ ಮಾಲೀಕರಿಗೆ ಒಂದೊಂದು ಬದಲಾವಣೆಗೂ 5,000 ರೂ. ದಂಡ, 6 ತಿಂಗಳವರೆಗೆ ಜೈಲು ಕೂಡ ಸಾಧ್ಯ. ಟಿಎಸ್‌ಡಿಗೆ ಇಂಥ ಬದಲಾವಣೆ ಒಂದೂ ಬೇಕಿಲ್ಲ ಅನ್ನೋದು ಒಳ್ಳೇ ಸುದ್ದಿ.

ಯಾವ ಕಾರು?

ಹಾಟ್ ಹ್ಯಾಚ್ ಅಂದ್ರೆ ಡಿಕ್ಕಿ ಚಾಚಿಕೊಂಡಿರದ ಸಣ್ಣ ಕಾರಿಗೆ ಸ್ವಲ್ಪ ದೊಡ್ಡ ಇಂಜಿನ್ ಹಾಕಿದ್ದು. ಯುರೋಪಿನಲ್ಲಿ 1976ರ ಗಾಲ್ಫ್ ಜಿಟಿಐ, 1984ರ ಪ್ಯೂಜೊ 205 ಜಿಟಿಐ ಈ ಜಾತಿಗೆ ಹೆಸರು ತಂದವು. ನಮ್ಮಲ್ಲಿ 2001ರಲ್ಲಿ ಬಂದ ಫಿಯೆಟ್ ಪ್ಯಾಲಿಯೊ 1.6 ಅದೇ ಸಾಲಿನದು, ಸುಮಾರು 100 ಕುದುರೆ ಶಕ್ತಿ. ಓಡಿಸೋಕೆ ಖುಷಿ. ಆದರೆ ಇವತ್ತು ತಾಲೂಕು ಮಟ್ಟದಲ್ಲಿ ಅದರ ಬಿಡಿಭಾಗ ಹುಡುಕೋದೇ ಒಂದು ರ‍್ಯಾಲಿ.

ಹಾಗಾಗಿ ಮೊದಲ ಸಲದವರಿಗೆ ಹೊಂದೋದು 2005ರಿಂದ 2010ರವರೆಗೆ ಬಂದ ಪೆಟ್ರೋಲ್ ಸ್ವಿಫ್ಟ್ 1.3. 1,298 ಸಿಸಿ ಇಂಜಿನ್, ಸುಮಾರು 87 ಕುದುರೆ ಶಕ್ತಿ, ತೂಕ ಒಂದು ಟನ್ ಆಸುಪಾಸು. ಎಸ್ಟೀಮ್, ಜಿಪ್ಸಿಗಳಲ್ಲಿ ಇದ್ದ ಇಂಜಿನ್ ಕುಟುಂಬದ್ದೇ ಇದು. ಕಡೂರು, ತರೀಕೆರೆ, ಮೂಡಿಗೆರೆ ಎಲ್ಲೇ ನಿಂತರೂ ಇದರ ಕೆಲಸ ಗೊತ್ತಿರೋ ಗ್ಯಾರೇಜ್ ಸಿಗುತ್ತೆ. ರ‍್ಯಾಲಿಗೆ ಕಾರು ಆರಿಸುವಾಗ ಇದಕ್ಕಿಂತ ದೊಡ್ಡ ಅರ್ಹತೆ ಇಲ್ಲ.

ಕಾರು ರೆಡಿ ಮಾಡೋದು: ಈ ಕ್ರಮದಲ್ಲಿ ದುಡ್ಡು ಹಾಕಿ

*1. ಬ್ರೇಕ್:* ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತೆ. ನೀರು ಸೇರಿದ ಆಯಿಲ್ ಘಾಟಿ ಇಳಿಯುವಾಗ ಕಾದು ಕುದಿಯುತ್ತೆ, ಪೆಡಲ್ ಒತ್ತಿದ್ರೆ ಸ್ಪಂಜಿನ ಥರ ಒಳಗೆ ಹೋಗುತ್ತೆ. ಎರಡು ವರ್ಷ ಆಗಿದ್ರೆ ಪೂರ್ತಿ ಬದಲಿಸಿ. ಮುಂದಿನ ಪ್ಯಾಡ್, ಹಿಂದಿನ ಡ್ರಮ್ಮಿನ ಲೈನರ್, ರಬ್ಬರ್ ಹೋಸ್ ಬಿಚ್ಚಿಸಿ ನೋಡಿ. ಹ್ಯಾಂಡ್‌ಬ್ರೇಕ್ ಏರಿನಲ್ಲಿ ನಿಲ್ಲಬೇಕು.

*2. ಟೈರ್:* ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 2319 ಅಂತಿದ್ರೆ 2019ರ 23ನೇ ವಾರ ತಯಾರಾದದ್ದು. ಗ್ರಿಪ್ ಇದ್ರೂ ರಬ್ಬರ್ ಗಟ್ಟಿಯಾಗಿ ಸೀಳು ಬಿಟ್ಟಿದ್ರೆ ಬೇಡ. ಗ್ರಿಪ್ಪಿನ ಸಂದಿನಲ್ಲಿರೋ ಸವೆತದ ಗುರುತು 1.6 ಮಿ.ಮೀ.ಗೆ ಇರುತ್ತೆ. ಮಳೆಗಾಲದ ಮಲೆನಾಡಿಗೆ ಆ ಗುರುತು ಮುಟ್ಟೋವರೆಗೆ ಕಾಯಬಾರದು. ಸ್ಟೆಪ್ನಿ ಕೂಡ ಅದೇ ಸೈಜು, ಅದೇ ಸ್ಥಿತಿಯಲ್ಲಿರಲಿ.

*3. ಕೂಲಿಂಗ್:* ಸೆಕೆಂಡ್ ಗೇರಿನಲ್ಲಿ ನಿಧಾನ ಏರು ಹತ್ತುವಾಗ ರೇಡಿಯೇಟರಿಗೆ ಗಾಳಿ ಸಾಲದು, ಪೂರ್ತಿ ಭಾರ ಫ್ಯಾನಿನ ಮೇಲೆ. ಫ್ಯಾನ್ ಮೋಟಾರ್, ರಿಲೇ, ಹೋಸ್, ರೇಡಿಯೇಟರ್ ಕ್ಯಾಪ್ ಪರೀಕ್ಷಿಸಿ. ಕಾರು ಬಿಸಿ ಆಗುತ್ತೆ ಅಂತ ಥರ್ಮೋಸ್ಟಾಟ್ ಕಿತ್ತು ಹಾಕೋ ಅಭ್ಯಾಸ ಕೆಲವು ಕಡೆ ಇದೆ. ಅದು ರಿಪೇರಿ ಅಲ್ಲ, ಕಾಯಿಲೆ ಮುಚ್ಚಿಡೋದು. ಹೊಸದು ಹಾಕಿಸಿ, ಬರೀ ನೀರಿನ ಬದಲು ಕೂಲೆಂಟ್ ತುಂಬಿಸಿ.

*4. ಟೈಮಿಂಗ್ ಬೆಲ್ಟ್:* ಸ್ವಿಫ್ಟ್ 1.3, ಪ್ಯಾಲಿಯೊ 1.6 ಎರಡರಲ್ಲೂ ಇರೋದು ಚೈನ್ ಅಲ್ಲ, ರಬ್ಬರ್ ಬೆಲ್ಟ್. ಹಿಂದಿನ ಮಾಲೀಕರು ಬದಲಿಸಿದ ಬಿಲ್ ಇಲ್ಲದಿದ್ರೆ ಬದಲಿಸಿಲ್ಲ ಅಂತಲೇ ತಿಳ್ಕೊಂಡು ಹೊಸದು ಹಾಕಿಸಿ. ಟೆನ್ಷನರ್ ಬೇರಿಂಗ್ ಕೂಡ ಅದರ ಜೊತೆಗೇ ಆಗಲಿ.

*5. ಪೆಟ್ರೋಲ್ ಲೈನ್:* ಈಗ ಬಂಕುಗಳಲ್ಲಿ ಬರೋದು ಇ20, ಅಂದ್ರೆ 20% ಎಥನಾಲ್ ಬೆರೆತ ಪೆಟ್ರೋಲ್. ಈ ಕಾರುಗಳ ರಬ್ಬರ್ ಪೈಪುಗಳು ಅದಕ್ಕಾಗಿ ಮಾಡಿದ್ದಲ್ಲ. ಮೆತ್ತಗಾದ, ಬಿರುಕು ಬಿಟ್ಟ ಪೈಪ್ ಬದಲಿಸಿ, ಫಿಲ್ಟರ್ ಬದಲಿಸಿ. ತಿಂಗಳುಗಟ್ಟಲೆ ನಿಂತ ಕಾರಾದ್ರೆ ಟ್ಯಾಂಕಿನ ಹಳೇ ಪೆಟ್ರೋಲ್ ಇಳಿಸಿಬಿಡಿ.

*6. ಸಸ್ಪೆನ್ಷನ್:* ಲೋವರ್ ಆರ್ಮ್ ಬುಷ್, ಬಾಲ್ ಜಾಯಿಂಟ್, ಸ್ಟ್ರಟ್ ಮೌಂಟ್, ಶಾಕ್ ಅಬ್ಸಾರ್ಬರ್. ಕಂಪನಿಯ ಎತ್ತರವೇ ಇರಲಿ. ತಗ್ಗಿಸಿದ ಕಾರು ತೋಟದ ರಸ್ತೆಯಲ್ಲಿ ಮೊದಲ ಕಲ್ಲಿಗೇ ಆಯಿಲ್ ಸಂಪ್ ಒಡ್ಕೊಳ್ಳುತ್ತೆ. ಸಂಪ್ ಕೆಳಗೆ ಕಬ್ಬಿಣದ ಗಾರ್ಡ್ ಹಾಕಿಸೋದು ಒಳ್ಳೇದು.

*7. ಕರೆಂಟ್:* ಬ್ಯಾಟರಿ ಕ್ಲ್ಯಾಂಪ್ ಬಿಗಿ ಇರಲಿ, ಅರ್ತ್ ವೈರ್ ಉಜ್ಜಿ ಶುಚಿ ಮಾಡಿ. ಹೆಡ್‌ಲೈಟಿಗೆ ಹೆಚ್ಚು ವ್ಯಾಟಿನ ಬಲ್ಬ್ ಹಾಕಿದ್ರೆ ಹೋಲ್ಡರ್ ಕರಗುತ್ತೆ. ನ್ಯಾವಿಗೇಟರಿಗೆ ಓದೋಕೆ ಡ್ರೈವರ್ ಕಣ್ಣಿಗೆ ಹೊಡೆಯದ ಸಣ್ಣ ಲೈಟು, ಫ್ಯೂಸ್ ಇರೋ ಒಂದು ಚಾರ್ಜಿಂಗ್ ಪಾಯಿಂಟ್ ಸಾಕು.

*8. ಒಳಗೆ:* ಜಾಕ್, ಸ್ಪಾನರ್, ನೀರಿನ ಕ್ಯಾನ್ ಎಲ್ಲ ಬಿಗಿದು ಕಟ್ಟಿ. ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಬೆಂಕಿ ಆರಿಸೋ ಸಿಲಿಂಡರ್, ತ್ರಿಕೋನದ ಎಚ್ಚರಿಕೆ ಫಲಕ, ಎಳೆಯೋ ಹಗ್ಗ, ಮುಂದಿನ ಬಂಪರಿಗೆ ತಿರುಗಿಸಿ ಹಾಕೋ ಟೋ ಹುಕ್ ಜೊತೆಗಿರಲಿ. ಶುರುವಿಗೆ ಮೊದಲಿನ ತಪಾಸಣೆಯಲ್ಲಿ ಇಂಥವನ್ನೇ ನೋಡೋದು.

ಇಂಜಿನ್ನಿಗೆ ಆಯಿಲ್, ಪ್ಲಗ್, ಏರ್ ಫಿಲ್ಟರ್ ಹೊಸದಾದ್ರೆ ಮುಗೀತು. ಇರೋ 87 ಕುದುರೆಯಲ್ಲಿ ಅರ್ಧವೂ ಹೆಚ್ಚು ಹೊತ್ತು ಬೇಕಾಗೋದಿಲ್ಲ.

ಮೀಟರ್ ಸುಳ್ಳು ಹೇಳುತ್ತೆ

ಟಿಎಸ್‌ಡಿಯಲ್ಲಿ ಕಾರಿನ ಅತಿ ಮುಖ್ಯ ಭಾಗ ಕಿ.ಮೀ. ಮೀಟರ್. ಅದು ಅಳೆಯೋದು ಚಕ್ರದ ಸುತ್ತು. ಟೈರ್ ಸೈಜ್ ಬದಲಾದ್ರೆ ಅಳತೆಯೂ ಬದಲು. ಉದಾಹರಣೆಗೆ 165/80 ಆರ್14 ಟೈರಿನ ಎತ್ತರ ಸುಮಾರು 620 ಮಿ.ಮೀ. ಚೆನ್ನಾಗಿ ಕಾಣುತ್ತೆ ಅಂತ 185/65 ಆರ್14 ಹಾಕಿದ್ರೆ 596 ಮಿ.ಮೀ. ಆಗುತ್ತೆ. ಆಗ ಮೀಟರ್ 100 ಕಿ.ಮೀ. ತೋರಿಸುವಾಗ ಕಾರು ಓಡಿರೋದು ಮೊದಲಿಗಿಂತ ಸುಮಾರು 4 ಕಿ.ಮೀ. ಕಡಿಮೆ.

ಸಂಘಟಕರು ಇದಕ್ಕಾಗಿ ಶುರುವಿನಲ್ಲೇ ಅಳೆದ ಒಂದು ದಾರಿ ಕೊಡ್ತಾರೆ. ಅವರ ಲೆಕ್ಕದಲ್ಲಿ 10.00 ಕಿ.ಮೀ., ನಿಮ್ಮ ಮೀಟರಿನಲ್ಲಿ 10.30 ಬಂತು ಅಂತಿಟ್ಕೊಳ್ಳಿ. ಹಾಗಾದ್ರೆ ರೋಡ್‌ಬುಕ್‌ನ ಎಲ್ಲ ದೂರವನ್ನೂ 1.03ರಿಂದ ಗುಣಿಸಬೇಕು. ಪುಸ್ತಕದಲ್ಲಿ 4.00 ಅಂತಿದ್ರೆ ನಿಮ್ಮ ಮೀಟರಿನಲ್ಲಿ ತಿರುವು ಬರೋದು 4.12ಕ್ಕೆ. ಈ ಲೆಕ್ಕ ಬಿಟ್ಟು 36ರ ಸರಾಸರಿಯಲ್ಲಿ ಹೊರಟರೆ ಮೊದಲ 10 ಕಿ.ಮೀ.ಯಲ್ಲೇ ಸುಮಾರು 29 ಸೆಕೆಂಡ್ ಹಿಂದೆ ಬೀಳ್ತೀರಿ. ಗೊತ್ತಾಗೋದೂ ಇಲ್ಲ.

ಕಾರಿನ ಮೀಟರ್ ಸಾಮಾನ್ಯವಾಗಿ 100 ಮೀಟರಿನ ಲೆಕ್ಕದಲ್ಲಿ ಓಡುತ್ತೆ. 36ರ ಸರಾಸರಿಯಲ್ಲಿ 100 ಮೀಟರ್ ಅಂದ್ರೆ 10 ಸೆಕೆಂಡ್. ಅದಕ್ಕೇ ಪಳಗಿದವರು 10 ಮೀಟರಿನವರೆಗೆ ತೋರಿಸೋ ಟ್ರಿಪ್ ಮೀಟರ್ ಹಾಕಿಸ್ತಾರೆ. ಹಿಂದೆ ಈ ಕೆಲಸಕ್ಕೆ ಹೆಸರಾಗಿದ್ದ ಸ್ವೀಡನ್ನಿನ ಹಾಲ್ಡಾ ಕಂಪನಿ ಟ್ಯಾಕ್ಸಿ ಮೀಟರ್ ಮಾಡುತ್ತಿದ್ದ ಕಂಪನಿ. ಈಗ ಮೊಬೈಲ್ ಆ್ಯಪ್‌ಗಳಿವೆ, ಆದರೆ ಕೆಲವು ರ‍್ಯಾಲಿಗಳಲ್ಲಿ ಜಿಪಿಎಸ್ ಬಳಸುವಂತಿಲ್ಲ. ನಿಯಮ ಪುಸ್ತಕ ಓದಿ.

ಲೆಕ್ಕ: ಅಂಗಡಿ ಖಾತೆಗಿಂತ ಕಷ್ಟ ಏನಿಲ್ಲ

ಒಂದೇ ಸೂತ್ರ. 3600 ಅನ್ನು ಕೊಟ್ಟ ವೇಗದಿಂದ ಭಾಗಿಸಿ. ಒಂದು ಕಿ.ಮೀ.ಗೆ ಎಷ್ಟು ಸೆಕೆಂಡ್ ಅಂತ ಸಿಗುತ್ತೆ.

30 ಕಿ.ಮೀ. ಸರಾಸರಿ: 120 ಸೆಕೆಂಡ್
36 ಕಿ.ಮೀ. ಸರಾಸರಿ: 100 ಸೆಕೆಂಡ್
40 ಕಿ.ಮೀ. ಸರಾಸರಿ: 90 ಸೆಕೆಂಡ್
45 ಕಿ.ಮೀ. ಸರಾಸರಿ: 80 ಸೆಕೆಂಡ್
48 ಕಿ.ಮೀ. ಸರಾಸರಿ: 75 ಸೆಕೆಂಡ್

ನಿಮ್ಮ ಕಾರು ಹೊರಟಿದ್ದು 9 ಗಂಟೆ 7 ನಿಮಿಷಕ್ಕೆ ಅಂತಿಟ್ಕೊಳ್ಳಿ. ಮೊದಲ 8.40 ಕಿ.ಮೀ. 36ರಲ್ಲಿ ಹೋಗಬೇಕು. 8.40ಕ್ಕೆ 100ರಂತೆ 840 ಸೆಕೆಂಡ್, ಅಂದ್ರೆ 14 ನಿಮಿಷ. 9.21ಕ್ಕೆ ಅಲ್ಲಿರಬೇಕು. ಮುಂದಿನ 6.20 ಕಿ.ಮೀ. ಏರು ದಾರಿ, 30ರಲ್ಲಿ. 744 ಸೆಕೆಂಡ್, ಅಂದ್ರೆ 12 ನಿಮಿಷ 24 ಸೆಕೆಂಡ್. 14.60 ಕಿ.ಮೀ. ಮುಟ್ಟುವಾಗ ಗಡಿಯಾರ 9 ಗಂಟೆ 33 ನಿಮಿಷ 24 ಸೆಕೆಂಡ್ ತೋರಿಸಬೇಕು. ಇದನ್ನು ಪ್ರತಿ ಕಿ.ಮೀ.ಗೂ ಮೊದಲೇ ಪೆನ್ಸಿಲಿನಲ್ಲಿ ಬರೆದಿಟ್ಟುಕೊಂಡ್ರೆ ಡ್ರೈವರಿಗೆ ಹೇಳಬೇಕಾದದ್ದು ಇಷ್ಟೇ: ಐದು ಸೆಕೆಂಡ್ ಮುಂದೆ, ಮೂರು ಸೆಕೆಂಡ್ ಹಿಂದೆ.

ದಾರಿ ತಪ್ಪಿದ್ರೆ? ತಿರುವು ಬಿಟ್ಟು 600 ಮೀಟರ್ ಮುಂದೆ ಹೋಗಿ ವಾಪಸ್ ಬಂದ್ರಿ ಅಂತಾದ್ರೆ ಮೀಟರಿನಲ್ಲಿ 1.20 ಕಿ.ಮೀ. ಹೆಚ್ಚಾಯ್ತು. ಅದನ್ನು ಕಳೆಯಲೇಬೇಕು. ಸಮಯ ಸುಮಾರು 120 ಸೆಕೆಂಡ್ ಹೋಯ್ತು, ಕಾರು ತಿರುಗಿಸಿದ ಹೊತ್ತು ಬೇರೆ. ಇಲ್ಲೇ ಹುಡುಗರು ಕಾಲು ಒತ್ತೋದು. ಆದರೆ ಲೆಕ್ಕ ನೋಡಿ. 36ರ ಬದಲು 40ರಲ್ಲಿ ಹೋದ್ರೆ ಕಿ.ಮೀ.ಗೆ 10 ಸೆಕೆಂಡ್ ವಾಪಸ್ ಬರುತ್ತೆ, 12 ಕಿ.ಮೀ.ಯಲ್ಲಿ ಸರಿ ಹೋಗುತ್ತೆ. 45ರಲ್ಲಿ ಹೋದ್ರೂ 6 ಕಿ.ಮೀ. ಬೇಕು. ಹಳ್ಳಿ ರಸ್ತೆಯಲ್ಲಿ 45ರ ಸರಾಸರಿ ಬರಬೇಕಂದ್ರೆ ನೇರ ಸಿಕ್ಕಲ್ಲೆಲ್ಲ ಅದಕ್ಕಿಂತ ಎಷ್ಟೋ ಜೋರಾಗಿ ಓಡಿಸಬೇಕಾಗುತ್ತೆ. ಅಷ್ಟರೊಳಗೆ ಮಾರ್ಷಲ್ ಸಿಕ್ಕೇ ಸಿಕ್ತಾರೆ. ಒಂದು ಕಡೆ ಅಂಕ ಹೋಗಲಿ ಬಿಡಿ. ಅಂಕಕ್ಕೆ ಹೋಗಿ ಯಾರದೋ ಮನೆಯ ಮಗುವಿಗೆ ಗುದ್ದಿದ್ರೆ ಅದನ್ನು ಯಾವ ಲೆಕ್ಕದಲ್ಲೂ ಕಳೆಯೋಕಾಗಲ್ಲ.

ಕಾರಿನೊಳಗೆ ಮಾತು

ಡ್ರೈವರ್ ಕಣ್ಣು ರಸ್ತೆ ಮೇಲೆ ಮಾತ್ರ. ಮೀಟರ್, ಗಡಿಯಾರ, ಪುಸ್ತಕ ಮೂರೂ ನ್ಯಾವಿಗೇಟರಿನದು. ನ್ಯಾವಿಗೇಟರ್ ಮುಂದಿನ ಎರಡು ತಿರುವು ಮೊದಲೇ ಹೇಳಬೇಕು, ಡ್ರೈವರ್ ಕೇಳಿಸಿಕೊಂಡದ್ದನ್ನು ತಿರುಗಿ ಹೇಳಬೇಕು.

ಒಂದು ಸಣ್ಣ ವಿಷಯ. ನಮ್ಮ ಬಸ್ಸಿನ ಕಂಡಕ್ಟರ್ "ರೈಟ್" ಅಂದ್ರೆ ಹೊರಡಿ ಅಂತ. "ಸರಿ" ಅನ್ನೋದಕ್ಕೂ ರೈಟ್ ಅಂತೀವಿ, ಬಲಕ್ಕೂ ರೈಟ್. ರ‍್ಯಾಲಿಯಲ್ಲಿ ಈ ಗೊಂದಲ ಬೇಡ. ತಿರುವಿಗೆ "ಎಡ", "ಬಲ" ಅಂತ ಮಾತ್ರ ಹೇಳೋದು ಅಂತ ಇಬ್ಬರೂ ಮೊದಲೇ ತೀರ್ಮಾನ ಮಾಡ್ಕೊಳ್ಳಿ.

ಗಡಿಯಾರವನ್ನು ಸಂಘಟಕರ ಗಡಿಯಾರಕ್ಕೆ ಸೆಕೆಂಡ್ ಸಮೇತ ಹೊಂದಿಸಿ. ಘಾಟಿಯಲ್ಲಿ ತಲೆ ಬಗ್ಗಿಸಿ ಓದಿದ್ರೆ ವಾಂತಿ ಬರೋರಿಗೆ ನ್ಯಾವಿಗೇಟರ್ ಕೆಲಸ ಕಷ್ಟ, ಅಂಥವರು ಸ್ಟೀರಿಂಗ್ ಹಿಡಿಯೋದೇ ವಾಸಿ. ಡ್ರೈವರ್ ಏರಿನಲ್ಲಿ, ಇಳಿಜಾರಿನಲ್ಲಿ ಗೇರಿನಲ್ಲೇ ಕಾರು ಹಿಡಿದಿಟ್ಟುಕೊಂಡು ಒಂದೇ ಹದದಲ್ಲಿ ಓಡಿಸಬೇಕು. ಜೋರು ಹೋಗಿ ನಿಂತು ಕಾಯೋದು ಬೇಡ, ನಿಂತ ಜಾಗದಿಂದಲೇ ಮಾರ್ಷಲ್ ನೋಡ್ತಿರಬಹುದು. ಚಾರ್ಮಾಡಿ, ಮುಳ್ಳಯ್ಯನಗಿರಿ ಕಡೆ ಮಂಜು ಇಳಿದ್ರೆ ಸರಾಸರಿ ಮರೆತುಬಿಡಿ.

ಬಯಲುಸೀಮೆ ಕಡೆ ಸುಗ್ಗಿ ಕಾಲದಲ್ಲಿ ಹುರುಳಿ, ರಾಗಿ ಹುಲ್ಲನ್ನು ಒಕ್ಕಣೆಗೆ ಅಂತ ರಸ್ತೆ ಮೇಲೆ ಹರಡಿರ್ತಾರೆ. ಅದು ಕಾರಿನ ಅಡಿ ಸುತ್ಕೊಂಡು ಕಾದ ಸೈಲೆನ್ಸರಿಗೆ ತಾಗಿದ್ರೆ ಬೆಂಕಿ ಹತ್ತುತ್ತೆ. ದಾಟಿದ ಮೇಲೆ ನಿಲ್ಲಿಸಿ ಕೆಳಗೆ ನೋಡಿ. ಅರ್ಧ ನಿಮಿಷದ ದಂಡ ಕಾರಿಗಿಂತ ಅಗ್ಗ.

ನಿಮ್ಮೂರ ಮೇಲೆ ರ‍್ಯಾಲಿ ಬಂದ್ರೆ

ಕಾರುಗಳು ಅಂತರ ಬಿಟ್ಟು ಬರ್ತವೆ, ಎಲ್ಲದಕ್ಕೂ ಬಾಗಿಲ ಮೇಲೆ ನಂಬರ್ ಇರುತ್ತೆ. ಊರೊಳಗೆ ಯಾವುದಾದ್ರೂ ಕಾರು ಮಿತಿ ಮೀರಿ ಓಡಿದ್ರೆ ಆ ನಂಬರ್, ಸಮಯ ಬರೆದಿಟ್ಟು ಮಾರ್ಷಲ್‌ಗೆ ಅಥವಾ ಠಾಣೆಗೆ ತಿಳಿಸಿ. ಟೈರ್ ಅಂಗಡಿ, ಗ್ಯಾರೇಜ್, ಹೋಟೆಲ್‌ನವರು ಹಿಂದಿನ ದಿನವೇ ಸಂಘಟಕರನ್ನು ಕೇಳಿದ್ರೆ ಕಾರು ಬರೋ ಹೊತ್ತು ಗೊತ್ತಾಗುತ್ತೆ. ಬೆಳಗ್ಗೆ ಬೇಗ ಬಾಗಿಲು ತೆಗೆದವರಿಗೆ ವ್ಯಾಪಾರ.

ಮೊದಲ ರ‍್ಯಾಲಿಗೆ ಮುಂಚೆ

ಒಂದು ಭಾನುವಾರ ಬೆಳಗ್ಗೆ ತಾಲೂಕಿನಲ್ಲೇ 20 ಕಿ.ಮೀ. ಸುತ್ತು ಆರಿಸಿ. ಒಬ್ಬರು ರೋಡ್‌ಬುಕ್ ಬರೆಯಲಿ, ಇನ್ನಿಬ್ಬರು 30ರ ಸರಾಸರಿಯಲ್ಲಿ ಓಡಿಸಿ ನೋಡಲಿ. ಪೂರ್ತಿ ಸುತ್ತಿಗೆ 40 ನಿಮಿಷ ಆಗಬೇಕು. ಮೊದಲ ಸಲ ಎಲ್ಲರೂ ಬೇಗ ಬರ್ತಾರೆ. ನಿಧಾನ ಓಡಿಸೋದು ಕಲಿತ ದಿನ ಹೆಸರು ಕೊಡಿ.